ಮುಟ್ಟಿ ನೋಡಿ

ಕೇಳುಗರಿಗೆ ನಮಸ್ಕಾರ. ಮೆಡಿಕಲ್‌ಗೆ ಈಗಷ್ಟೇ ಸೇರಿದ ಮಕ್ಕಳು ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ನಾನು ಅನಾಟಮಿ, ಅಂದರೆ ದೇಹರಚನೆ, ಕಲಿಸುವವನು. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ದೇಹವನ್ನು ಮುಟ್ಟಿ ಕಲಿಯಿರಿ.

ಈಗಲೇ ಶುರು ಮಾಡೋಣ. ಹೆಬ್ಬೆರಳ ತುದಿಯನ್ನು ಕಿರುಬೆರಳಿಗೆ ತಾಗಿಸಿ. ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ನಡುವೆ ಹುರಿಯಂಥದ್ದು ಎದ್ದು ಕಾಣುತ್ತದಾ? ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವಿನ ತುದಿಯ ಗಟ್ಟಿ ಹುರಿ. ಕಾಣದಿದ್ದರೆ ಗಾಬರಿ ಬೇಡ. ಅದಿಲ್ಲದೆ ಹುಟ್ಟುವವರು ಬೇಕಾದಷ್ಟು ಜನ ಇದ್ದಾರೆ. ಕೈ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಪುಸ್ತಕ ಪೂರ್ತಿ ಬಾಯಿಪಾಠ. ಶವದ ಮುಂಗೈ ಕೊಯ್ದು ಬಿಡಿಸುವ ದಿನ ಫೋರ್ಸೆಪ್ಸ್ ಎಂಬ ಚಿಮಟದಲ್ಲಿ ಬಿಳಿ ಹುರಿಯೊಂದನ್ನು ಹಿಡಿದು, "ಸರ್, ಪಾಲ್ಮಾರಿಸ್ ಸಿಕ್ತು" ಎಂದಳು. "ಬೆರಳಲ್ಲಿ ಹಿಡಿದು ಅಂಗೈವರೆಗೂ ಹೋಗಮ್ಮ" ಎಂದೆ. ಹೋದಳು. ಪಾಲ್ಮಾರಿಸ್ ಆಗಿದ್ದರೆ ಮಣಿಕಟ್ಟಿನ ಅಡ್ಡಪಟ್ಟಿಯ ಮೇಲೆ ಹೋಗಬೇಕಿತ್ತು. ಇದು ಪಟ್ಟಿಯ ಅಡಿಗೆ ನುಗ್ಗಿ, ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಕಡೆಗೆ ಕವಲೊಡೆಯಿತು. ಅದು ಟೆಂಡನ್ ಅಲ್ಲ, ಆ ಬೆರಳುಗಳಿಗೆ ಸ್ಪರ್ಶ ಕೊಡುವ ಮೀಡಿಯನ್ ನರ! ಹುಡುಗಿ ತುಂಬ ಹೊತ್ತು ಮಾತಾಡಲಿಲ್ಲ. ಆ ಕೈಯಲ್ಲಿ ಪಾಲ್ಮಾರಿಸ್ ಇರಲೇ ಇಲ್ಲ. ಅದೇ ದೇಹದ ಇನ್ನೊಂದು ಕೈಯಲ್ಲಿ ಇತ್ತು. ಆಮೇಲೆ ಸಂಜೆವರೆಗೂ ಟೇಬಲ್‌ನಿಂದ ಟೇಬಲ್‌ಗೆ ಹೋಗಿ ಮಣಿಕಟ್ಟು ನೋಡಿದಳು. ಗೆಳತಿಯರ ಕೈಗಳನ್ನೂ ಬಿಡಲಿಲ್ಲ.

ಇದನ್ನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಬೇರೆ ಕಡೆ ಕಡಿದುಹೋದ ಟೆಂಡನ್ ಸರಿಮಾಡಲು ಸರ್ಜನ್‌ಗಳು ಈ ಪಾಲ್ಮಾರಿಸ್ಸನ್ನೇ ತೆಗೆದು ಬಳಸುತ್ತಾರೆ. ಅದೆಂದುಕೊಂಡು ನರವನ್ನೇ ಕತ್ತರಿಸಿದ ಪ್ರಸಂಗಗಳೂ ನಡೆದಿವೆ. ಆ ರೋಗಿಯ ಬೆರಳುಗಳಿಗೆ ಸ್ಪರ್ಶವೇ ಹೋಗುತ್ತದೆ.

"ಆ್ಯಪ್‌ನಲ್ಲಿ ಎಲ್ಲಾ ನೋಡಿದ್ದೀನಿ ಸರ್" ಅನ್ನುತ್ತೀರಿ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ಸ್ಕ್ರೀನ್ ಮೇಲೆ ನರವೂ ಗಾಜು, ಟೆಂಡನ್ನೂ ಗಾಜು. ಬೆರಳಿಗೆ ಏನು ಗೊತ್ತಾದೀತು?

ಹಿಂದೆ ಯುರೋಪಿನಲ್ಲಿ ಮೇಷ್ಟ್ರು ಎತ್ತರದ ಪೀಠದಲ್ಲಿ ಕೂತು ಓದುತ್ತಿದ್ದರು, ಕೊಯ್ಯುವವರು ಬೇರೆ. ಮನುಷ್ಯನ ಕೆಳದವಡೆ ಎರಡು ಮೂಳೆ ಎಂದು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಬರೆದಿದ್ದನ್ನು ಸಾವಿರ ವರ್ಷಕ್ಕೂ ಮೇಲೆ ಒಪ್ಪಿಕೊಂಡಿದ್ದರು. ವೆಸಾಲಿಯಸ್ ಎಂಬ ಅನಾಟಮಿ ಮೇಷ್ಟ್ರು ಪೀಠದಿಂದ ಇಳಿದು ತಾನೇ ಚಾಕು ಹಿಡಿದ. ಒಂದೇ ಮೂಳೆ ಎಂದು 1543ರಲ್ಲಿ ಅಚ್ಚು ಹಾಕಿಸಿದ.

ಸಮಯ ಮುಗಿಯುತ್ತಾ ಬಂತು. ಇದೊಂದು ಕೇಳಿ: ಟೇಬಲ್ ಮೇಲೆ ಮಲಗಿರುವವರಲ್ಲಿ ಎಷ್ಟೋ ಜನ ನಿಮಗಾಗಿಯೇ ದೇಹ ಬರೆದುಕೊಟ್ಟವರು. ನಾಳೆ ಡಿಸೆಕ್ಷನ್ ಹಾಲ್‌ನಲ್ಲಿ ಹಿಂದೆ ನಿಲ್ಲಬೇಡಿ. ಗ್ಲೌಸ್ ಹಾಕಿಕೊಂಡು ಮುಂದೆ ಬನ್ನಿ. ನಮಸ್ಕಾರ.