ಅಚ್ಚಿನ ಕಾಂಕ್ರೀಟ್ ಹಿತ್ತಲಿಗಿರಲಿ, ಡ್ರೈವ್‌ವೇಗೆ ಬೇಡ

ನಮಸ್ಕಾರ. ಇವತ್ತು ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ವಾದ ಆಮೇಲೆ. ಕೆನಡಾದ ಒಂಟಾರಿಯೋ ಪ್ರಾಂತ್ಯದ ಟೊರೊಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್, ಮಿಲ್ಟನ್ ಕಡೆ ಮನೆ ಕೊಂಡಿರುವ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಡ್ರೈವ್‌ವೇಗೆ ಸ್ಟ್ಯಾಂಪ್ಡ್ ಕಾಂಕ್ರೀಟ್ ಹಾಕಿಸಬಹುದೇ?" ನನ್ನ ಉತ್ತರ: ಬೇಡ. ಹಿತ್ತಲಿಗೆ ಹಾಕಿಸಿ, ಸಂತೋಷವಾಗಿ ಹಾಕಿಸಿ. ಕಾರು ಓಡಾಡುವ ಜಾಗಕ್ಕೆ ಮಾತ್ರ ಬೇಡ. ಗುತ್ತಿಗೆದಾರರಿಗೆ ಈ ಮಾತು ಇಷ್ಟವಾಗುವುದಿಲ್ಲವೆಂದು ಗೊತ್ತಿದೆ. ಈಗಾಗಲೇ ಹಾಕಿಸಿಕೊಂಡವರಿಗಂತೂ ಇನ್ನೂ ಇಷ್ಟವಾಗುವುದಿಲ್ಲ. ಅವರೂ ಕೊನೆಯವರೆಗೆ ಕೇಳಲಿ, ಉಳಿಸಿಕೊಳ್ಳುವ ದಾರಿಯನ್ನೂ ಹೇಳುತ್ತೇನೆ.

ಸ್ಟ್ಯಾಂಪ್ಡ್ ಕಾಂಕ್ರೀಟ್, ಅಂದರೆ ಅಚ್ಚಿನ ಕಾಂಕ್ರೀಟ್, ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಕಾಂಕ್ರೀಟನ್ನು ಸುರಿದು ಸಮ ಮಾಡಿ, ಅದು ಇನ್ನೂ ಮೆತ್ತಗಿರುವಾಗಲೇ ಪಾಲಿಯುರೆಥೇನ್ ಅಚ್ಚುಗಳನ್ನು ಅದರ ಮೇಲಿಟ್ಟು ಒತ್ತುತ್ತಾರೆ. ಕಲ್ಲುಚಪ್ಪಡಿ, ಇಟ್ಟಿಗೆ, ಮರದ ಹಲಗೆ, ಯಾವ ನಮೂನೆ ಬೇಕಾದರೂ ಮೂಡುತ್ತದೆ. ಬಣ್ಣವನ್ನು ಮಿಶ್ರಣದಲ್ಲೇ ಬೆರೆಸಬಹುದು, ಅಥವಾ ಪುಡಿಯಾಗಿ ಮೇಲೆ ಎರಚಬಹುದು. 1950ರ ದಶಕದಲ್ಲಿ ಇದನ್ನು ವ್ಯಾಪಾರವಾಗಿ ಬೆಳೆಸಿದವರು ಕ್ಯಾಲಿಫೋರ್ನಿಯಾದ ಬ್ರ್ಯಾಡ್ ಬೋಮನ್. ಅವರು ಕೆಲಸ ಮಾಡಿದ್ದು ಕಾರ್ಮೆಲ್ ಕಡಲತೀರದ ಸೀಮೆಯಲ್ಲಿ. ಅಲ್ಲಿ ಹಿಮ ಬೀಳುವುದೇ ಅಪರೂಪ. ಈ ವಿದ್ಯೆಯ ತವರು ಯಾವುದೆಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಇಲ್ಲಿ ಮಾರಾಟ ಹೇಗೆ ನಡೆಯುತ್ತದೆಂದು ನೋಡಿ. ಗುತ್ತಿಗೆದಾರ ಮನೆಗೆ ಬಂದು ಚಿತ್ರಗಳ ಪುಸ್ತಕ ತೆರೆಯುತ್ತಾನೆ. ಗಂಡ ಹೆಂಡತಿ ಕೂತು ನಮೂನೆಯನ್ನು ಒಂದು ಗಂಟೆ ಚರ್ಚಿಸುತ್ತಾರೆ, ಬಣ್ಣವನ್ನು ಎರಡು ಗಂಟೆ. ಅಂಚಿಗೆ ಯಾವ ಬಣ್ಣವೆಂಬುದಕ್ಕೆ ಊರಿನಲ್ಲಿರುವ ಅಕ್ಕನಿಗೂ ಚಿತ್ರ ಹೋಗುತ್ತದೆ. ಬರುವ ಕಾಂಕ್ರೀಟ್ ಯಾವ ದರ್ಜೆಯದು, ಅದರಲ್ಲಿ ಗಾಳಿ ಎಷ್ಟಿದೆ, ಕೆಳಗೆ ಎಷ್ಟು ಜಲ್ಲಿ ಹಾಕುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಬಾಳಿಕೆ ನಿಂತಿರುವುದು ಈ ಕೇಳದ ಪ್ರಶ್ನೆಗಳ ಮೇಲೆ.

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಕಾಂಕ್ರೀಟ್ ಎಷ್ಟೇ ಗಟ್ಟಿಯಾಗಿದ್ದರೂ ಅದರೊಳಗೆ ಸೂಕ್ಷ್ಮ ರಂಧ್ರಗಳಿರುತ್ತವೆ. ಅವು ನೀರಿನಿಂದ ತುಂಬಿದ ಮೇಲೆ ಹೆಪ್ಪುಗಟ್ಟಿದರೆ ಒಳಗಿನಿಂದಲೇ ಒತ್ತಡ ಏಳುತ್ತದೆ. ಹಾಗೆಂದು ಅತಿ ಚಳಿಯ ಊರೇ ಕಾಂಕ್ರೀಟಿಗೆ ಅತಿ ಕೆಟ್ಟದ್ದು ಎಂದುಕೊಳ್ಳಬೇಡಿ. ನವೆಂಬರ್‌ನಲ್ಲಿ ಗಡ್ಡೆಯಾಗಿ ಮಾರ್ಚ್‌ವರೆಗೆ ಹಾಗೇ ಕೂತಿರುವ ನೆಲಕ್ಕಿಂತ, ಮಧ್ಯಾಹ್ನ ಕರಗಿ ರಾತ್ರಿ ಮತ್ತೆ ಗಡ್ಡೆಯಾಗುವ ನೆಲಕ್ಕೆ ಪೆಟ್ಟು ಹೆಚ್ಚು. ಟೊರೊಂಟೊದ ಚಳಿಗಾಲ ಸೊನ್ನೆಯ ಆಚೆ ಈಚೆ ಓಲಾಡುತ್ತಲೇ ಇರುತ್ತದೆ. ಹಾಗಾಗಿ ಪೆಟ್ಟಿನ ಎಣಿಕೆಯಲ್ಲಿ ನಾವು ಅತಿ ಚಳಿಯ ವಿನಿಪೆಗ್‌ನವರ ಮುಂದೆ ಬಡವರೇನಲ್ಲ.

ಇದಕ್ಕೆ ಪರಿಹಾರ ಸಿಕ್ಕಿ ಎಂಬತ್ತು ವರ್ಷದ ಮೇಲಾಯಿತು. 1930ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಕೆಲವು ರಸ್ತೆಗಳು ಉಳಿದವುಗಳಿಗಿಂತ ಚೆನ್ನಾಗಿ ಚಳಿಯನ್ನು ತಾಳಿಕೊಂಡಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು, ಸಿಮೆಂಟನ್ನು ಅರೆಯುವಾಗ ಸೇರಿಸಿದ್ದ ದನದ ಕೊಬ್ಬು. ಅದು ಮಿಶ್ರಣದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಹುಟ್ಟಿಸಿತ್ತು. ಹಿಗ್ಗುವ ನೀರಿಗೆ ಆ ಗುಳ್ಳೆಗಳಲ್ಲಿ ಜಾಗ ಸಿಗುತ್ತದೆ. ಇಂದು ಅದೇ ಕೆಲಸವನ್ನು ಒಂದು ರಾಸಾಯನಿಕ ಮಾಡುತ್ತದೆ. ಕೆನಡಾದ ಸಿಎಸ್‌ಎ ಎ23.1 ಮಾನದಂಡದಲ್ಲಿ ಡ್ರೈವ್‌ವೇ, ಕಾಲುದಾರಿಗಳಿಗೆ ಹೊಂದುವ ವರ್ಗದ ಹೆಸರು ಸಿ-2. ಬಲ ಕನಿಷ್ಠ 32 ಎಂಪಿಎ (ಮೆಗಾಪ್ಯಾಸ್ಕಲ್, ಒತ್ತಡ ತಾಳುವ ಬಲದ ಅಳತೆ), ನೀರು-ಸಿಮೆಂಟ್ ಅನುಪಾತ 0.45ಕ್ಕಿಂತ ಹೆಚ್ಚಿರಬಾರದು, ಸಾಮಾನ್ಯ 20 ಮಿಲಿಮೀಟರ್ ಜಲ್ಲಿಯ ಮಿಶ್ರಣವಾದರೆ ಗಾಳಿ ಶೇಕಡಾ 5ರಿಂದ 8. ಇಷ್ಟನ್ನು ಒಪ್ಪಂದದಲ್ಲಿ ಬರೆಸಿ. ಲಾರಿ ಬಂದ ದಿನ ಚಾಲಕನ ಕೈಯಲ್ಲಿರುವ, ಮಿಶ್ರಣದ ವಿವರವಿರುವ ಚೀಟಿಯನ್ನು ಕೇಳಿ ನೋಡಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಚೀಟಿ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯೇನೂ ಇಲ್ಲ. ಎಳೆಯಲು ಸುಲಭವಾಗಲೆಂದು ಅಲ್ಲೇ ಪೈಪು ಹಿಡಿದು ಡ್ರಮ್ಮಿಗೆ ನೀರು ಬಿಟ್ಟರೆ 0.45 ಕಾಗದದ ಮೇಲಷ್ಟೇ ಉಳಿಯುತ್ತದೆ.

ಈಗ ನನಗೆ ಹೆಚ್ಚು ಸಿಟ್ಟು ಬರಿಸುವ ವಿಷಯಕ್ಕೆ ಬರೋಣ, ಅದು ಮೇಲ್ಮೈಯ ಕೆಲಸ. ನಮ್ಮ ಊರಿನ ರೆಡ್ ಆಕ್ಸೈಡ್ ನೆಲ ನೆನಪಿದೆಯಲ್ಲ? ಮೇಸ್ತ್ರಿ ಸಿಮೆಂಟಿನ ಹಾಲು ಬಿಟ್ಟು, ಉಕ್ಕಿನ ಕರಣೆಯಲ್ಲಿ ಮತ್ತೆ ಮತ್ತೆ ಉಜ್ಜಿ, ಮುಖ ಕಾಣುವಂತೆ ಮಾಡುತ್ತಿದ್ದರು. ಮನೆಯೊಳಗೆ, ನಮ್ಮ ಹವೆಯಲ್ಲಿ, ಅದು ಅಪ್ಪಟ ಕಸುಬು. ಅದೇ ಕೈ ಒಂಟಾರಿಯೋದ ಬಯಲಲ್ಲಿ ಕೆಲಸ ಮಾಡಿದರೆ ಅನಾಹುತ. ಸುರಿದ ಮೇಲೆ ಸ್ವಲ್ಪ ಹೊತ್ತು ಕಾಂಕ್ರೀಟಿನೊಳಗಿನ ನೀರು ಮೇಲಕ್ಕೆ ಬರುತ್ತಿರುತ್ತದೆ. ಅದು ಆರುವ ಮೊದಲೇ ಉಜ್ಜಿದರೆ ಆ ನೀರು ಮೇಲ್ಪದರಕ್ಕೇ ಬೆರೆತು ಪದರ ದುರ್ಬಲವಾಗುತ್ತದೆ. ಗಾಳಿ ಸೇರಿಸಿದ ಕಾಂಕ್ರೀಟಿನಲ್ಲಿ ಹೀಗೆ ಬರುವ ನೀರು ಕಡಿಮೆ, ಮೇಲ್ಮೈ ಬೇಗ ಒಣಗುತ್ತದೆ, ಒಳಗೆ ಇನ್ನೂ ಹಸಿ. ಆರಿತೆಂದುಕೊಂಡು ಉಕ್ಕಿನ ಕರಣೆ ಎಳೆದರೆ ಮುಖ ಮುಚ್ಚಿಹೋಗಿ ಗಾಳಿ, ನೀರು ಎರಡೂ ಕೆಳಗೆ ಸಿಕ್ಕಿಕೊಳ್ಳುತ್ತವೆ. ಮುಂದಿನ ವಸಂತದಲ್ಲಿ ಅಂಗೈಯಗಲ ಚಕ್ಕೆಗಳು ಏಳುವುದು ಅಲ್ಲಿಂದಲೇ.

ಅಚ್ಚಿನ ಕೆಲಸದಲ್ಲಿ ಈ ಅಪಾಯ ಸಾಮಾನ್ಯ ಕಾಂಕ್ರೀಟಿಗಿಂತ ಹೆಚ್ಚು. ಏಕೆಂದರೆ ಬಣ್ಣದ ಪುಡಿಯನ್ನು ಎರಚಿ ಉಜ್ಜಿ ಸೇರಿಸಬೇಕು, ಪುಡಿಗೆ ತೇವ ಬೇಕು. ತೇವ ಸಾಲದಿದ್ದಾಗ ಕೆಲಸದವನು ಬಕೆಟ್ಟಿನಿಂದ ನೀರು ಚಿಮುಕಿಸುತ್ತಾನೆ. ಅಷ್ಟರಲ್ಲಿ ಬಿಸಿಲಿನ ಕಡೆ ಗಟ್ಟಿಯಾಗಿ ಗ್ಯಾರೇಜಿನ ನೆರಳಿನ ಕಡೆ ಮೆತ್ತಗೇ ಇರುತ್ತದೆ. ಅಚ್ಚು ಒತ್ತಲು ಸಿಗುವುದು ಸ್ವಲ್ಪವೇ ಸಮಯ. ಎಲ್ಲರೂ ಓಡುತ್ತಿರುತ್ತಾರೆ. ನಾನಾದರೆ ಬಣ್ಣ ಮಿಶ್ರಣದಲ್ಲೇ ಬೆರೆತು ಬರಲಿ, ಮುಖ ಮುಚ್ಚಿಹಾಕದ ಮೆಗ್ನೀಷಿಯಮ್ ಕರಣೆ ಬಿಟ್ಟು ಬೇರೇನೂ ಮುಟ್ಟಿಸಬೇಡಿ, ನೀರು ಚಿಮುಕಿಸಬೇಡಿ ಎಂದು ಹೇಳುತ್ತೇನೆ. ಬಣ್ಣ ತುಸು ಮಂಕಾಗಿರುತ್ತದೆ, ಇರಲಿ. ಆದರೂ ಮೇಲೊಂದು ಪುಡಿ ಎರಚುವುದು ತಪ್ಪುವುದಿಲ್ಲ. ಅದು ಅಚ್ಚು ಅಂಟದಿರಲೆಂದು. ಅದನ್ನು ಆಮೇಲೆ ತೊಳೆಯುತ್ತಾರೆ, ಸಂದುಗಳಲ್ಲಿ ಉಳಿದದ್ದು ಹಳೆಯ ಕಲ್ಲಿನ ಕಳೆ ಕೊಡುತ್ತದೆ. ಅದಕ್ಕೆ ನನ್ನ ತಕರಾರಿಲ್ಲ.

ಹಾಗಾದರೆ ಒಳ್ಳೆಯ ಕಾಂಕ್ರೀಟ್, ಒಳ್ಳೆಯ ಕೈ ಸಿಕ್ಕರೆ ಡ್ರೈವ್‌ವೇಗೂ ಆಗಬಹುದಲ್ಲ ಎನ್ನುತ್ತೀರಿ. ಇಲ್ಲಿಗೆ ಹಿಮ ಕರಗಿಸಲು ಹಾಕುವ ಉಪ್ಪು ಬರುತ್ತದೆ. ನೀವು ನಿಮ್ಮ ಅಂಗಳಕ್ಕೆ ಒಂದು ಹಿಡಿಯೂ ಹಾಕದೆ ಇರಬಹುದು. ಹೆದ್ದಾರಿ 401ರ ಮೇಲೆ ಸುರಿದ ಉಪ್ಪನ್ನು ನಿಮ್ಮ ಕಾರೇ ಹೊತ್ತು ತರುತ್ತದೆ. ಚಕ್ರದ ಮೇಲಿನ ಕಮಾನಿನಲ್ಲಿ ಅಂಟಿದ ಕಂದು ಹಿಮ ರಾತ್ರಿಯಿಡೀ ಒಂದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಪ್ರಯೋಗಾಲಯಗಳು ಬಹಳ ಹಿಂದೆಯೇ ಗಮನಿಸಿದ ಒಂದು ವಿಚಿತ್ರವಿದೆ. ಮೇಲ್ಪದರವನ್ನು ಹೆಚ್ಚು ಕೆಡಿಸುವುದು ಗಾಢ ಉಪ್ಪುನೀರಲ್ಲ, ಶೇಕಡಾ 2ರಿಂದ 4ರಷ್ಟು ಉಪ್ಪಿರುವ ತೆಳು ದ್ರಾವಣ. ಕಾರಿನಿಂದ ತೊಟ್ಟಿಕ್ಕಿ, ಹೊಸ ಹಿಮದ ನೀರಿನಲ್ಲಿ ತೆಳುವಾಗುವ ಉಪ್ಪು ಎಲ್ಲೋ ಒಂದು ಹಂತದಲ್ಲಿ ಆ ಅಳತೆಗೆ ಬಂದೇ ಬರುತ್ತದೆ. ಉಪ್ಪು ತೇವವನ್ನು ಹಿಡಿದಿಡುತ್ತದೆ, ಸೊನ್ನೆಗಿಂತ ಕೆಳಗೂ ಕರಗಿಸುತ್ತದೆ, ಮತ್ತೆ ಹೆಪ್ಪುಗಟ್ಟಲು ಬಿಡುತ್ತದೆ. ಅಚ್ಚಿನ ಸಂದುಗಳಲ್ಲಿ ಆ ನೀರು ನಿಲ್ಲುತ್ತದೆ ಕೂಡ.

ಅಂಗಡಿಯ ಉಪ್ಪಿನ ಚೀಲದ ಮೇಲೆ "ಕಾಂಕ್ರೀಟಿಗೆ ಸುರಕ್ಷಿತ" ಎಂದು ಬರೆದದ್ದನ್ನು ನಂಬಬೇಡಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಅಮೋನಿಯಮ್ ನೈಟ್ರೇಟ್, ಅಮೋನಿಯಮ್ ಸಲ್ಫೇಟ್ ಇದ್ದರೆ ಅಲ್ಲೇ ಕೆಳಗಿಡಿ. ಅವು ಕಾಂಕ್ರೀಟನ್ನು ರಾಸಾಯನಿಕವಾಗಿಯೇ ತಿನ್ನುತ್ತವೆ. ಸೌಮ್ಯವೆಂದು ಮಾರುವ ಮೆಗ್ನೀಷಿಯಮ್ ಕ್ಲೋರೈಡ್ ಕೂಡ ಸಾಧುವಲ್ಲ. ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲದಲ್ಲಿ ಯಾವ ಉಪ್ಪೂ ಬೇಡ. ಜಾರದಿರಲು ಮರಳು ಸಾಕು. ಹಿಮ ತೆಗೆಯಲು ಪ್ಲಾಸ್ಟಿಕ್ ಅಂಚಿನ ಸಲಿಕೆ ಬಳಸಿ, ಯಂತ್ರವಾದರೆ ಅದರ ಅಲಗು ನೆಲಕ್ಕೆ ತಾಗದಷ್ಟು ಎತ್ತರಿಸಿ. ಹಿಮ ತೆಗೆಯುವ ಗುತ್ತಿಗೆಯವನ ಟ್ರ್ಯಾಕ್ಟರು ಅಚ್ಚಿನ ಉಬ್ಬುಗಳ ಮೇಲೆ ಹಾಯುವುದನ್ನು ನೋಡಿದರೆ ನನಗೆ ಹಲ್ಲು ಜುಮ್ಮೆನ್ನುತ್ತದೆ.

ನೆಲದ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಇಲ್ಲಿ ಅಡಿಪಾಯಗಳನ್ನು ಸುಮಾರು 1.2 ಮೀಟರ್ ಆಳಕ್ಕೆ ಇಳಿಸುವುದು ಅಷ್ಟು ಆಳದವರೆಗೂ ಮಣ್ಣು ಹೆಪ್ಪುಗಟ್ಟಬಹುದೆಂದು. ಡ್ರೈವ್‌ವೇಗೆ ಅಂಥ ಅಡಿಪಾಯವಿಲ್ಲ, ಅದು ಮೇಲೆಯೇ ಕೂತಿರುತ್ತದೆ, ಮಣ್ಣು ಹೆಪ್ಪುಗಟ್ಟಿ ಉಬ್ಬಿದರೆ ಅದೂ ಮೇಲೇಳುತ್ತದೆ. ಕೆಳಗೆ ದಮ್ಮಸ್ಸು ಮಾಡಿದ ಜಲ್ಲಿ ಇರಬೇಕು, ನೀರು ಮನೆಯಿಂದ ದೂರ ಹರಿಯಲು ಶೇಕಡಾ 2ರ ಇಳಿಜಾರು ಬೇಕು. ಹೊಸ ಬಡಾವಣೆಯ ಮನೆಯಾದರೆ ಗ್ಯಾರೇಜಿನ ಮುಂದಿನ ತುಂಬುಮಣ್ಣು ಇನ್ನೂ ಕುಸಿಯುತ್ತಿರುತ್ತದೆ. ಗೃಹಪ್ರವೇಶದ ವರ್ಷವೇ ಕಾಂಕ್ರೀಟ್ ಸುರಿಸುವ ಅವಸರ ಬೇಡ.

ಬಿರುಕಂತೂ ಬರುತ್ತದೆ. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಪದರಕ್ಕೆ ಎರಡೂವರೆಯಿಂದ ಮೂರು ಮೀಟರಿಗೊಂದರಂತೆ, ದಪ್ಪದ ಕಾಲುಭಾಗ ಆಳಕ್ಕೆ ಗೆರೆ ಕೊಯ್ಯುವುದು ಬಿರುಕು ಆ ಗೆರೆಯಲ್ಲೇ ಬರಲೆಂದು. ಚೆಂದ ಕೆಡುತ್ತದೆಂದು ಗೆರೆ ಬೇಡವೆನ್ನುವ ಮನೆಯವರಿದ್ದಾರೆ, ಹೂಂ ಎನ್ನುವ ಗುತ್ತಿಗೆದಾರರೂ ಇದ್ದಾರೆ. ಆಮೇಲೆ ಕಲ್ಲಿನ ನಮೂನೆಯ ನಡುವೆ ಮಿಂಚಿನ ಗೆರೆ ಹೊಡೆದಾಗ ತೇಪೆ ಹಾಕಬೇಕಾಗುತ್ತದೆ. ಬಣ್ಣದ ಕಾಂಕ್ರೀಟಿನ ತೇಪೆ ಹಳೆಯದಕ್ಕೆ ಹೊಂದಿದ್ದನ್ನು ನಾನು ನೋಡಿಲ್ಲ. ಡ್ರೈವ್‌ವೇಗೆ ಇಂಟರ್‌ಲಾಕ್ ಇಟ್ಟಿಗೆಗಳನ್ನು ನಾನು ಮುಂದಿಡುವುದು ಇದಕ್ಕೇ. ನೆಲ ಉಬ್ಬಿದರೆ ನಾಲ್ಕು ಇಟ್ಟಿಗೆ ಎಬ್ಬಿಸಿ, ಮರಳು ಸರಿಮಾಡಿ, ಅವನ್ನೇ ಮತ್ತೆ ಕೂರಿಸಬಹುದು. ಸಂದುಗಳಲ್ಲಿ ಕಳೆ ಬೆಳೆಯುತ್ತದೆ, ನಿಜ. ಕಳೆ ಕೀಳುವುದು ಅಗ್ಗದ ಕೆಲಸ.

ಹಿತ್ತಲಿನ ಕಥೆ ಬೇರೆ. ಅಲ್ಲಿಗೆ ಕಾರಿಲ್ಲ, ರಸ್ತೆಯ ಉಪ್ಪಿಲ್ಲ, ಜನವರಿಯಲ್ಲಿ ಯಾರೂ ಕೂರುವುದಿಲ್ಲವಾದ್ದರಿಂದ ಹಿಮವನ್ನು ಕೆರೆಯುವ ಅಗತ್ಯವೂ ಇಲ್ಲ. ಮೇ ತಿಂಗಳಲ್ಲಿ ಹೊರಗೆ ಬಂದು ಕುರ್ಚಿ ಹಾಕಿಕೊಂಡರೆ ಆಯಿತು. ಅಲ್ಲಿ ಅಚ್ಚಿನ ಕಾಂಕ್ರೀಟಿನಷ್ಟು ಒಪ್ಪವಾಗಿ ಕಾಣುವುದು ಆ ಬೆಲೆಗೆ ಬೇರೊಂದಿಲ್ಲ.

ಆದರೂ ಸೀಲರ್, ಅಂದರೆ ನೀರು ಒಳಗಿಳಿಯದಂತೆ ಹಚ್ಚುವ ಲೇಪ, ಬೇಕು. ಸುರಿದು 28 ದಿನ ಕಳೆದು, ಚೆನ್ನಾಗಿ ಒಣಗಿದ ಮೇಲೆ, 10 ಡಿಗ್ರಿಗಿಂತ ಹೆಚ್ಚಿನ ಬಿಸಿಲಿರುವ ದಿನ ಎರಡು ತೆಳು ಲೇಪ ಹಾಕಿಸಿ. ಒದ್ದೆಯಂತೆ ಹೊಳೆಯುವ ಅಕ್ರಿಲಿಕ್ ಸೀಲರ್ ಎಲ್ಲರಿಗೂ ಇಷ್ಟ. ಅದರ ಮೇಲೆ ತೆಳು ಮಂಜು ಕೂತರೆ ಗಾಜಿನ ಮೇಲೆ ನಡೆದಂತೆ. ಡಿಸೆಂಬರ್‌ನಲ್ಲಿ ಮೊಮ್ಮಗುವನ್ನು ನೋಡಲು ಧಾರವಾಡದಿಂದಲೋ ಹಾಸನದಿಂದಲೋ ಬಂದ ಅಮ್ಮ ಚಪ್ಪಲಿಯಲ್ಲೇ ಹಿತ್ತಲಿಗೆ ಕಾಲಿಟ್ಟರೆ ಏನಾಗುತ್ತದೆಂದು ಯೋಚಿಸಿ, ಜಾರದ ಪುಡಿಯನ್ನು ಲೇಪಕ್ಕೆ ಬೆರೆಸಲು ಹೇಳಿ. ಹೊಳಪು ಬೇಡವೆಂದರೆ ಒಳಗಿಳಿಯುವ ಸಿಲೇನ್-ಸಿಲಾಕ್ಸೇನ್ ಬಗೆಯದು ಇನ್ನೂ ಒಳ್ಳೆಯದು. ಅದು ಬಣ್ಣವನ್ನು ಎತ್ತಿ ತೋರಿಸುವುದಿಲ್ಲ, ಸಿಪ್ಪೆಯೂ ಏಳುವುದಿಲ್ಲ. ಅಕ್ರಿಲಿಕ್ಕನ್ನು ಎರಡು ಮೂರು ವರ್ಷಕ್ಕೊಮ್ಮೆ ಹಾಕಿಸಬೇಕು. ಪ್ರತಿ ವರ್ಷ ಬಳಿದರೆ ಪದರ ದಪ್ಪವಾಗಿ, ಕೆಳಗಿನ ತೇವ ಹೊರಬರಲಾಗದೆ ಬೆಳ್ಳಗಾಗುತ್ತದೆ. ಆಗ ಪೂರ್ತಿ ಕಿತ್ತು ತೆಗೆಯುವ ಖರ್ಚು ಬೇರೆ.

ಇಷ್ಟು ಹೇಳಿದರೂ ಮುಂಭಾಗಕ್ಕೇ ಬೇಕೆನ್ನುವವರಿಗೆ ಒಂದು ರಾಜಿ ಸೂತ್ರವಿದೆ. ಚಕ್ರ ಓಡುವ ನಡುಭಾಗಕ್ಕೆ ಪೊರಕೆ ಗೆರೆ ಎಳೆದ ಸಾದಾ ಸಿ-2 ಕಾಂಕ್ರೀಟ್ ಹಾಕಿಸಿ, ಅಚ್ಚನ್ನು ಎರಡು ಅಂಚಿನ ಪಟ್ಟಿಗಳಿಗೆ ಮಾತ್ರ ಇಡಿ. ಈಗಾಗಲೇ ಪೂರ್ತಿ ಹಾಕಿಸಿಕೊಂಡವರು ಕಾರನ್ನು ಗ್ಯಾರೇಜಿನೊಳಗೆ ನಿಲ್ಲಿಸಿ, ಚಳಿಗಾಲದ ನಡುವೆ ಬೆಚ್ಚಗಿನ ದಿನ ಸಿಕ್ಕಾಗ ಉಪ್ಪನ್ನು ತೊಳೆದುಬಿಡಿ, ನೀರು ನಿಲ್ಲದಂತೆ ಇಳಿಜಾರಿನ ಕಡೆಗೆ ಗುಡಿಸಿ. ಸೀಲರ್ ಹಚ್ಚುವವರನ್ನು ಆಗಸ್ಟ್‌ನಲ್ಲೇ ಗೊತ್ತುಮಾಡಿಕೊಂಡು ಸೆಪ್ಟೆಂಬರ್‌ನಲ್ಲಿ ಕೆಲಸ ಮುಗಿಸಿ. ಅಕ್ಟೋಬರ್‌ನ ಮಳೆ ಹಿಡಿದ ಮೇಲೆ ಒಣಗಿದ ನೆಲವೂ ಸಿಗುವುದಿಲ್ಲ, ಅವರ ದಿನವೂ ಸಿಗುವುದಿಲ್ಲ.