ಚಲೋ ಮರಿ ಗಾಡಿಗಿ, ಸಣಕಲ ಮರಿ ಬೀಜಕ್ಕ!

ನಮಸ್ಕಾರ್ರೀ ಎಲ್ಲಾರಿಗೂ. ಹೋದ ವಿಡಿಯೋಕ್ಕ ಒಬ್ಬ ಅಣ್ಣ ಕಮೆಂಟ್ ಹಾಕ್ಯಾನ: "ಸರ್, ನುಣುಪು ಉಣ್ಣೆ ಕೊಡೋ ಮೆರಿನೋ ತಳಿ ಟಗರು ಎಲ್ಲಿ ಸಿಗತದ? ನಮ್ಮ ಡೆಕ್ಕನಿ ಕುರಿ ಉಣ್ಣೆ ಬರೇ ಮುಳ್ಳ ಇದ್ದಂಗ ಅದ." ಅಣ್ಣಾ, ಮೆರಿನೋ ಆಮ್ಯಾಗ. ಹೋದ ಬಕ್ರೀದಕ್ಕ ನಿನ್ನ ಹಟ್ಟ್ಯಾಗಿಂದ ಯಾವ ಮರಿ ಮಾರಿದಿ, ಅದನ್ನ ಹೇಳು. ಎಲ್ಲಕ್ಕಿಂತ ದೊಡ್ಡದು, ಹೌದಿಲ್ಲೋ?

ಅಲ್ಲೇ ಕೆಟ್ಟದ ನೋಡ್ರಿ. ಬೀದರದಿಂದ ಸುರಪುರ ತನಕ ಇದೇ ಹಣಿಬರಹ. ವ್ಯಾಪಾರಿ ಬರತಾನ, ಬೆನ್ನ ಒತ್ತಿ ನೋಡತಾನ, ಗಟ್ಟಿ ಮರಿ ಗಾಡಿಗಿ ಹಾಕತಾನ. ಉಳದ ಸಣಕಲ ಮರಿ ಬೆಳದು ಬೀಜದ (ಮರಿ ಹುಟ್ಟಸೋ) ಟಗರಾಗತದ. ಅಂದ್ರ ಟಗರು ಆರಿಸೋವ್ರು ನೀವಲ್ಲ, ವ್ಯಾಪಾರಿ!

ಮೊದ್ಲ ಟಗರು ಆರಿಸ್ರಿ, ಆಮ್ಯಾಗ ಮರಿ ಮಾರ್ರಿ. ಒಂದು ಕುರಿ ಕೆಟ್ಟದಿದ್ರ ವರ್ಷಕ್ಕ ಒಂದು ಮರಿ ಕೆಡತದ. ಟಗರು ಕೆಟ್ಟದಿದ್ರ ಅದು ಹತ್ತಿದ 30 ಕುರಿ ಮರಿನೂ ಕೆಡತಾವ.

ಹುಟ್ಟಿದ ದಿನಾನೇ ಕೊಕ್ಕಿ ತಕ್ಕಡಿಗಿ ಹಾಕಿ ತೂಕ ಬರೀರಿ, ಕಿವಿಗಿ ಬಿಲ್ಲೆ ಹೊಡೀರಿ. 90 ದಿನಕ್ಕ ಮತ್ತ ತೂಗ್ರಿ. ಹದಿನೈದು ದಿನದ ಒಳಗ ಹುಟ್ಟಿದ ಮರಿಗೋಳನ್ನೇ ಒಂದಕ್ಕೊಂದು ಹೋಲಸ್ರಿ. ಜೋಡಿ ಮರಿ, ಚೊಚ್ಚಲ ಕುರಿ ಮರಿ ಹಗುರ ಇರತಾವ. ಅದು ಹಾಲಿನ ಕೊರತಿ, ತಳಿ ತಪ್ಪಲ್ಲ. ಒಂದು ಟಗರು ಬೇಕಂದ್ರ ಮೂರು ಬಿಟ್ಟಕೋರಿ. ಆರು ತಿಂಗಳಿಗಿ ಬೀಜ (ವೃಷಣ) ಕೈಯಾಗ ಹಿಡದು ನೋಡ್ರಿ: ಎರಡೂ ಕೆಳಗ ಇಳದಿರಬೇಕು, ಒಂದೇ ಸಮ, ಬಿಗಿ, ಗಂಟ ಇರಬಾರದು. ಒಂದೇ ಇಳದಿದ್ರ ಅದನ್ನ ವ್ಯಾಪಾರಿಗಿ ಕೊಡ್ರಿ, ನನ್ನ ತಕರಾರಿಲ್ಲ. ಕೆಳಗಿನ ಹಲ್ಲು ಮ್ಯಾಲಿನ ವಸಡಿಗಿ ಸರಿಯಾಗಿ ಕೂಡಬೇಕು. ಮುಂದ ಚಾಚಿದ್ರ ಗರಕಿ ಕಡಿಯಾಕ ಬರಂಗಿಲ್ಲ.

ಉಣ್ಣೆ? ಮೂರು ತಿಂಗಳಿಗಿ ಅದನ್ನ ನೋಡಿ ಮರುಳಾಗಬ್ಯಾಡ್ರಿ, ಹುಟ್ಟಗೂದಲ ಇನ್ನಾ ಉದರತಿರತಾವ. ವರ್ಷದ ಹೊತ್ತಿಗಿ ಹೆಗಲು, ಪಕ್ಕಿ, ತೊಡಿ ಮೂರೂ ಕಡೆ ಬಿಡಿಸಿ ನೋಡ್ರಿ. ತೊಡ್ಯಾಗ ಕೂದಲ ಜಾಸ್ತಿ ಆದ್ರ ಆ ಟಗರು ಬ್ಯಾಡ. ಆಸ್ಟ್ರೇಲಿಯಾದ ಮೆರಿನೋ ಮಂದಿ ಪಕ್ಕಿ ಮ್ಯಾಲಿಂದ ಒಂದು ಚಿಟಿಕಿ ಉಣ್ಣೆ ಕತ್ತರಿಸಿ ಲ್ಯಾಬಿಗಿ ಕಳಸತಾರ, ಮೈಕ್ರಾನ್‌ನ್ಯಾಗ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಳತಿ ಮಾಡಸತಾರ. ಎಳಿ ದಪ್ಪ ಅಪ್ಪನಿಂದ ಮರಿಗಿ ಗಟ್ಟಿಯಾಗಿ ಇಳೀತದ, ಅದಕ್ಕ ವರ್ಷದ ವಯಸ್ಸಿನ್ಯಾಗೇ ಅಳದ್ರ ನಡೀತದ. ಅವರು 20 ಮೈಕ್ರಾನ್ ಕೆಳಗ ಹುಡಕತಾರ. ನಮ್ಮದು 30 ದಾಟತದ, ಕಂಬಳಿಗಿ ಅದೇ ಬೇಕು.

"ನಮ್ಮಜ್ಜ ಹಿಂಗೆಲ್ಲಾ ತೂಗತಿದ್ದಿಲ್ಲ" ಅಂತೀರಿ. ನಿಮ್ಮಜ್ಜನ ಕಾಲಕ್ಕ ಹಟ್ಟಿ ಬಾಗಲಿಗಿ ಪಿಕಪ್ ಬರತಿತ್ತೇನ್ರಿ? "ಟಗರಿಗಿ ಮೇವು ಖರ್ಚು" ಅಂತೀರಿ. ಎರಡು ವರ್ಷದಾಗ 60 ಮರಿ ಹುಟ್ಟಸೋ ಅಪ್ಪಗ ಒಂದು ಹಿಡಿ ಜೋಳ ಭಾರ ಆಯ್ತಾ? ಮೊಬೈಲ್ ರೀಚಾರ್ಜಿಗಿ ಮಾತ್ರ ಲೆಕ್ಕಾ ಕೇಳಂಗಿಲ್ಲ! ಎರಡು ವರ್ಷಕ್ಕ ಟಗರು ಬದಲಿ ಮಾಡ್ರಿ ಮತ್ತ, ಇಲ್ಲಾಂದ್ರ ತನ್ನ ಮಗಳನ್ನೇ ಹತ್ತತದ.

ಟಗರು ಮೊದ್ಲ! ಎಷ್ಟ ಸಲ ಹೇಳಬೇಕ್ರಿ? ತೂಕದ ಪಟ್ಟಿ ಬೇಕಂದ್ರ ಸಬ್‌ಸ್ಕ್ರೈಬ್ ಮಾಡಿ "ಟಗರು" ಅಂತ ಕಮೆಂಟ್ ಹಾಕ್ರಿ, ಗಂಟಿ ಒತ್ತೂದು ಮರೀಬ್ಯಾಡ್ರಿ. ಮೆರಿನೋ ಅಣ್ಣಾ, ಮೊದ್ಲ ಗಾಡಿ ಹತ್ತಿದ ಆ ದೊಡ್ಡ ಮರಿ ಕೆಳಗ ಇಳಸು. ಹ್ಞಾಂ, ಅದೇ. ಇಳಸು.