ಕೈವಿದ್ಯೆಗೆ ತಗಲುವ ವೆಚ್ಚ

ಕೇಳುಗರೆಲ್ಲರಿಗೂ ನಮಸ್ಕಾರ.

ಮಗನೋ ಮಗಳೋ ಮುಂದೆ ಏನು ಓದಬೇಕೆಂಬ ಮಾತು ನಡೆಯುತ್ತಿರುವ ಮನೆಗಳಲ್ಲಿ ಈಗ ಯಾರಾದರೂ ರೇಡಿಯೋ ಕೇಳುತ್ತಿದ್ದರೆ, ನಾನು ಮುಖ್ಯವಾಗಿ ಮಾತನಾಡುತ್ತಿರುವುದು ಅವರೊಡನೆ. ವಿಶ್ವವಿದ್ಯಾಲಯದ ಪದವಿ ಮೇಲೋ, ವೃತ್ತಿ ತರಬೇತಿ ಮೇಲೋ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ಹಲವು ವರ್ಷ ಉಪನ್ಯಾಸದ ಕೊಠಡಿಯಲ್ಲೂ ಆಮೇಲೆ ಅಷ್ಟೇ ಕಾಲ ತರಬೇತಿ ಕಾರ್ಯಾಗಾರದಲ್ಲೂ ಯಂತ್ರವಿದ್ಯೆಯನ್ನು ಕಲಿಸಿದ ನನಗೆ, ಆ ಪ್ರಶ್ನೆಗಿಂತ ಮೊದಲು ಉತ್ತರ ಬೇಕಾದ ಪ್ರಶ್ನೆಯೊಂದಿದೆ ಎನ್ನಿಸುತ್ತದೆ. ಸರ್ಕಾರದ ಬೊಕ್ಕಸದಿಂದ ಹೋಗುವ ಹಣ ಈ ಎರಡು ವಿದ್ಯೆಗಳಿಗೂ ಅವುಗಳ ನಿಜವಾದ ವೆಚ್ಚಕ್ಕೆ ತಕ್ಕಂತೆ ಹೋಗುತ್ತಿದೆಯೇ?

ಕೈಕೆಲಸ ಕಲಿಸುವುದು ದುಬಾರಿ. ಈ ಹೊತ್ತು ನಾನು ಹೇಳಬೇಕಾದದ್ದು ಇದೊಂದೇ. ಒಬ್ಬ ಪ್ರಾಧ್ಯಾಪಕರು ಇನ್ನೂರು ಮಂದಿಯ ಮುಂದೆ ನಿಂತು ಪಾಠ ಹೇಳಬಲ್ಲರು. ಆದರೆ ಬೆಸುಗೆ ಕಲಿಸುವ ಗುರು ಹತ್ತು ಹನ್ನೆರಡು ಮಂದಿಗಿಂತ ಹೆಚ್ಚು ಜನರ ಕೈಯ ಮೇಲೆ ಕಣ್ಣಿಡಲಾರರು. ಕಲಿಯುವವರು ಬೆಸುಗೆಯ ಕಡ್ಡಿಗಳನ್ನು ಉರಿಸಿ ಮುಗಿಸುತ್ತಾರೆ, ಉಕ್ಕಿನ ತಗಡುಗಳನ್ನು ಕೆಡಿಸುತ್ತಾರೆ. ಕೆಡಿಸದೆ ಕೈ ಪಳಗುವುದಿಲ್ಲವಾದ್ದರಿಂದ ಆ ನಷ್ಟವೂ ಶಿಕ್ಷಣದ ಖರ್ಚೇ. ಇಷ್ಟಾಗಿಯೂ, ವೃತ್ತಿ ತರಬೇತಿಯೆಂದರೆ ಓದಿನಲ್ಲಿ ಹಿಂದೆ ಬಿದ್ದವರಿಗಾಗಿ ಕಡಿಮೆ ಖರ್ಚಿನಲ್ಲಿ ಮಾಡುವ ಏರ್ಪಾಡು ಎಂಬ ಭಾವನೆ ಬಜೆಟ್ ಬರೆಯುವವರ ಮನಸ್ಸಿನಲ್ಲಿ ಬೇರೂರಿದೆ. ನಾನು ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಇಪ್ಪತ್ತು ಮಂದಿಗೆ ಒಂದೇ ಲೇತ್ ಯಂತ್ರವಿತ್ತು. ಒಬ್ಬ ಹುಡುಗ ಯಂತ್ರ ನಡೆಸುವಾಗ ಹತ್ತೊಂಬತ್ತು ಹುಡುಗರು ನೋಡುತ್ತ ನಿಲ್ಲುತ್ತಿದ್ದರು, ವರ್ಷದ ಕೊನೆಗೆ ಇಪ್ಪತ್ತು ಮಂದಿಗೂ ಕುಶಲಕರ್ಮಿಯೆಂಬ ಪ್ರಮಾಣಪತ್ರ ಸಿಗುತ್ತಿತ್ತು. ಅದನ್ನು ಹಂಚುವ ದಿನ ನನಗೆ ಪ್ರತಿವರ್ಷವೂ ಸಂಕಟವಾಗುತ್ತಿತ್ತು.

ಪಳಗಿದ ಕೈಗೆ ಎಷ್ಟು ಬೆಲೆಯೆಂಬುದನ್ನು ತಿಳಿಸಲು ನನ್ನ ವಿದ್ಯಾರ್ಥಿಗಳಿಗೆಲ್ಲ ನಾನು ಹೇಳುತ್ತಿದ್ದ ಚರಿತ್ರೆಯೊಂದಿದೆ. ಜೇಮ್ಸ್ ವ್ಯಾಟ್ ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಆತನಿಗೆ ಪದವಿ ಇರಲಿಲ್ಲ; ಲಂಡನ್ನಿನಲ್ಲಿ ಒಂದು ವರ್ಷ ಉಪಕರಣ ತಯಾರಿಕೆಯನ್ನು ಕಲಿತು ಬಂದಿದ್ದ. ಏಳು ವರ್ಷದ ಶಿಷ್ಯವೃತ್ತಿ ಮುಗಿಸಿಲ್ಲವೆಂದು ಗ್ಲಾಸ್ಗೋ ನಗರದ ಕುಶಲಕರ್ಮಿಗಳ ಸಂಘ ಅಂಗಡಿ ತೆರೆಯಲು ಅಡ್ಡಿ ಮಾಡಿದಾಗ, 1757ರಲ್ಲಿ ಅಲ್ಲಿನ ವಿಶ್ವವಿದ್ಯಾಲಯವೇ ತನ್ನ ಆವರಣದೊಳಗೆ ಅವನಿಗೊಂದು ಕೋಣೆ ಕೊಟ್ಟಿತು. ಕೆಲವು ವರ್ಷಗಳ ಮೇಲೆ, ಗಣಿಗಳಿಂದ ನೀರೆತ್ತಲು ಆಗ ಬಳಕೆಯಲ್ಲಿದ್ದ ನ್ಯೂಕಮನ್ ಉಗಿಯಂತ್ರದ, ಪಾಠಕ್ಕೆ ಬಳಸುತ್ತಿದ್ದ ಮಾದರಿಯೊಂದು ದುರಸ್ತಿಗಾಗಿ ಅವನ ಮೇಜಿಗೆ ಬಂತು. ಪ್ರತಿ ಸಲವೂ ಉಗಿ ತುಂಬುವ ಸಿಲಿಂಡರನ್ನು ಕಾಯಿಸಿ ತಣಿಸುವುದರಲ್ಲೇ ಉಗಿಯ ಬಹುಪಾಲು ವ್ಯರ್ಥವಾಗುತ್ತಿರುವುದನ್ನು ಅವನು ಕಂಡುಕೊಂಡ. ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್ ತಾವು ಕಂಡುಹಿಡಿದ ಗುಪ್ತೋಷ್ಣದ, ಅಂದರೆ ನೀರು ಉಗಿಯಾಗುವಾಗ ಬಿಸಿ ಏರದೆಯೇ ಒಳಗೆ ಅಡಗಿಸಿಕೊಳ್ಳುವ ಶಾಖದ ತತ್ತ್ವವನ್ನು ಅವನಿಗೆ ವಿವರಿಸಿದರು. 1765ರಲ್ಲಿ ವ್ಯಾಟ್‌ಗೆ ಉಪಾಯ ಹೊಳೆಯಿತು: ಉಗಿಯನ್ನು ಬೇರೊಂದು ಪಾತ್ರೆಗೆ ಕಳಿಸಿ ಅಲ್ಲಿ ತಣಿಸಿದರೆ ಸಿಲಿಂಡರ್ ಸದಾ ಬಿಸಿಯಾಗಿಯೇ ಇರುತ್ತದೆ.

ಉಪಾಯ ಸಿಕ್ಕಿತು, 1769ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು, ಆದರೆ ದೊಡ್ಡ ಯಂತ್ರ ಮಾತ್ರ ಸರಿಯಾಗಿ ನಡೆಯಲಿಲ್ಲ. ಸಿಲಿಂಡರಿನೊಳಗೆ ಹಿಂದೆ ಮುಂದೆ ಓಡಾಡುವ ಪಿಸ್ಟನ್ ಉಗಿ ಸೋರದಂತೆ ಕೂರಬೇಕಾದರೆ ಸಿಲಿಂಡರಿನ ಒಳಮೈ ಉದ್ದಕ್ಕೂ ಒಂದೇ ಸಮನೆ ದುಂಡಗಿರಬೇಕು. ಅಷ್ಟು ಕರಾರುವಾಕ್ಕಾಗಿ ಕಬ್ಬಿಣವನ್ನು ಕೊರೆಯಬಲ್ಲವರು ಸಿಕ್ಕಲಿಲ್ಲ. ಸಂದುಗಳಿಗೆ ಬಟ್ಟೆ, ತೊಗಲು ಏನೇನು ತುರುಕಿದರೂ ಉಗಿ ಸೋರುತ್ತಲೇ ಇತ್ತು. ತತ್ತ್ವ ತಿಳಿದಿದ್ದ ಪ್ರಾಧ್ಯಾಪಕರಿದ್ದರು, ಪ್ರತಿಭಾವಂತ ಸಂಶೋಧಕನಿದ್ದ, ಹಣ ಹಾಕುವವರೂ ಇದ್ದರು. ಹಾಗಿದ್ದೂ ಸುಮಾರು ಹತ್ತು ವರ್ಷ ಆ ಯಂತ್ರ ಕಾದು ಕುಳಿತಿತ್ತು. ಕೊನೆಗೆ ಜಾನ್ ವಿಲ್ಕಿನ್‌ಸನ್ ಎಂಬ ಕಬ್ಬಿಣದ ಉದ್ಯಮಿ, ಫಿರಂಗಿ ಕೊರೆಯುವ ಕೆಲಸದಲ್ಲಿ ಪಳಗಿದ್ದವನು, ಕೊರೆಯುವ ಸಲಾಕೆಯನ್ನು ಎರಡು ತುದಿಯಲ್ಲೂ ಆಧಾರ ಕೊಟ್ಟು ನಿಲ್ಲಿಸುವ ಯಂತ್ರವನ್ನು ಕಟ್ಟಿದ. ಸಲಾಕೆ ಅಲುಗಾಡದೆ ನಿಂತದ್ದರಿಂದ, ಐವತ್ತು ಅಂಗುಲ ವ್ಯಾಸದ ಸಿಲಿಂಡರಿನಲ್ಲೂ ದೋಷ ಒಂದು ಹಳೆಯ ನಾಣ್ಯದ ದಪ್ಪವನ್ನು ಮೀರಲಿಲ್ಲ. 1776ರಲ್ಲಿ ವ್ಯಾಟ್‌ನ ಯಂತ್ರಗಳು ಕೆಲಸಕ್ಕೆ ಇಳಿದವು.

ಈ ಕಥೆಯನ್ನು ನಾನು ಎಳೆದು ಹೇಳಿದೆ, ನಿಜ. ಹೇಳಲೇಬೇಕಿತ್ತು. ಬ್ಲ್ಯಾಕ್ ಅವರ ತತ್ತ್ವಕ್ಕೆ ಹಣ ಬೇಡವೆಂದು ನಾನು ಎಂದೂ ಹೇಳಲಾರೆ. ವೈದ್ಯರೂ ಗಣಿತಜ್ಞರೂ ಭಾಷಾಶಾಸ್ತ್ರಜ್ಞರೂ ರೂಪುಗೊಳ್ಳುವುದು ವಿಶ್ವವಿದ್ಯಾಲಯದಲ್ಲೇ. ವಿಲ್ಕಿನ್‌ಸನ್ನನ ಕೊರೆಯುವ ಯಂತ್ರಕ್ಕೂ ಹಣ ಬೇಕು, ಆ ಯಂತ್ರ ದುಬಾರಿ ಎಂಬುದಷ್ಟೇ ನನ್ನ ಮಾತು.

ಇದನ್ನು ಅರಿತ ದೇಶಗಳಿವೆ. 1944ರಲ್ಲಿ ಅಮೆರಿಕವು ಯುದ್ಧದಿಂದ ಮರಳಿದ ಸೈನಿಕರ ಓದಿನ ಖರ್ಚನ್ನು ತಾನೇ ಹೊರುವ ಕಾನೂನು ಮಾಡಿದಾಗ, ಅದನ್ನು ಬಳಸಿಕೊಂಡ ಸುಮಾರು 78 ಲಕ್ಷ ಮಂದಿಯಲ್ಲಿ ಕಾಲೇಜಿಗೆ ಹೋದವರು ಸುಮಾರು 22 ಲಕ್ಷ ಮಾತ್ರ. ಉಳಿದವರು ತರಬೇತಿ ಶಾಲೆಗಳಿಗೆ, ಕಾರ್ಖಾನೆಗಳಿಗೆ, ಹೊಲಗಳಿಗೆ ಹೋಗಿ ಕಲಿತರು. ಕಾಲೇಜಿಗೆ ಹೋದವರನ್ನು ಎಲ್ಲರೂ ನೆನೆಯುತ್ತಾರೆ, ಉಳಿದ 56 ಲಕ್ಷ ಜನರನ್ನು ನೆನೆಯುವವರು ಕಡಿಮೆ. ಜರ್ಮನಿಯಲ್ಲಿ 1969ರ ಕಾನೂನಿನ ಚೌಕಟ್ಟಿನಲ್ಲಿ ಕಲಿಯುವವರು ವಾರದ ಹೆಚ್ಚಿನ ದಿನಗಳನ್ನು ಉದ್ಯಮದಲ್ಲೂ ಉಳಿದವನ್ನು ಸರ್ಕಾರಿ ಖರ್ಚಿನ ಶಾಲೆಯಲ್ಲೂ ಕಳೆಯುತ್ತಾರೆ. ಕಲಿಕೆಯ ಭತ್ಯೆಯನ್ನು ಉದ್ಯಮವೇ ಕೊಡುತ್ತದೆ, ಅಂದರೆ ದುಬಾರಿ ಯಂತ್ರದ ಭಾರ ಶಾಲೆಯೊಂದರ ಮೇಲೇ ಬೀಳುವುದಿಲ್ಲ. ಬ್ರಿಟನ್ನಿನಲ್ಲಿ 2017ರಿಂದ, ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಹಂಚುವ ಸಂಸ್ಥೆಗಳಿಂದ ತರಬೇತಿಗಾಗಿ ಶೇಕಡಾ 0.5ರಷ್ಟು ಕರ ವಸೂಲು ಮಾಡುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಕೈಕೆಲಸ ಕಲಿತವರು ಮುಂದೆ ಉನ್ನತ ಶಿಕ್ಷಣಕ್ಕೆ ಏರುವ ದಾರಿಯೂ ತೆರೆದಿದೆ. ಅದೇ ಒಂದು ಭಾಷಣದ ವಿಷಯ, ಇಂದು ಅದಕ್ಕೆ ವೇಳೆ ಇಲ್ಲ.

ಕೈಕೆಲಸ ಕಲಿಸುವುದು ದುಬಾರಿ ಎಂದು ಮತ್ತೆ ಹೇಳುತ್ತೇನೆ. ಹೊಸ ತರಬೇತಿ ಕೇಂದ್ರದ ಕಟ್ಟಡ ಉದ್ಘಾಟನೆಯಾದ ಸುದ್ದಿ ಕೇಳಿದಾಗ, ಆ ಕಟ್ಟಡದೊಳಗೆ ಕಚ್ಚಾ ಸಾಮಗ್ರಿಗೆ ಪ್ರತಿವರ್ಷ ಎಷ್ಟು ಹಣವಿಟ್ಟಿದ್ದಾರೆಂದು ನಿಮ್ಮ ಪ್ರತಿನಿಧಿಗಳನ್ನು ದಯವಿಟ್ಟು ಕೇಳಿರಿ. ಇನ್ನು ಮಕ್ಕಳನ್ನು ತರಬೇತಿಗೆ ಸೇರಿಸಲು ಹೊರಟವರು ಕಚೇರಿಯಲ್ಲಿ ಅರ್ಜಿ ತುಂಬುವ ಮೊದಲು ಕಾರ್ಯಾಗಾರದೊಳಗೆ ಹೋಗಿ ನೋಡಿರಿ. ಯಂತ್ರಗಳ ಕೆಳಗೆ ಲೋಹದ ಸಿಪ್ಪೆ ಬಿದ್ದಿದೆಯೇ, ಮೂಲೆಯಲ್ಲಿ ಕೆಟ್ಟ ತುಂಡುಗಳ ರಾಶಿ ಇದೆಯೇ ಎಂದು ಗಮನಿಸಿರಿ. ವಾರಕ್ಕೆ ಎಷ್ಟು ಗಂಟೆ ಯಂತ್ರ ನಿನ್ನ ಕೈಗೆ ಸಿಗುತ್ತದೆ ಎಂದು ಅಲ್ಲಿ ಕಲಿಯುತ್ತಿರುವ ಒಬ್ಬರನ್ನು ಕೇಳಿ ತಿಳಿದು, ಆಮೇಲೆ ಅರ್ಜಿ ತುಂಬಿರಿ. ನಮಸ್ಕಾರ.